ಜಯಪಾಲಣ್ಣ ಕಟ್ಟಿದ ಡಬ್ಬಗಳ ಗೋಪುರ

ದುಬೈಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಡಬ್ಬ ಜೋಡಿಸಿದ ಮನುಷ್ಯನ ಮನೆಯಲ್ಲಿ ಒಂದೇ ಒಂದು ಡಬ್ಬ ಇರಲಿಲ್ಲ. ಬರ್ ದುಬೈಯ ಆ ಫ್ಲ್ಯಾಟಿಗೆ ಮೊದಲ ಸಲ ಬಂದ ಹೆಂಗಸರು ಅಡುಗೆಮನೆಯ ಕಪಾಟು ನೋಡಿ, "ಎಂತ ಸ್ವರ್ಣಕ್ಕ, ಒಂದು ಹಾಲಿನ ಪುಡಿಯ ಡಬ್ಬವೂ ಇಲ್ವಲ್ಲ, ನೀವು ಗಲ್ಫಿನಲ್ಲಿರುವುದು ಹೌದಾ?" ಎಂದು ಕೇಳುತ್ತಿದ್ದರು. ಸ್ವರ್ಣಲತಾ ಗಂಡನ ಕಡೆ ಕಣ್ಣು ಹೊರಳಿಸಿ, "ಇವರಿಗೆ ಆಗುವುದಿಲ್ಲ" ಎನ್ನುತ್ತಿದ್ದರು. ಕೆಲವರಿಗೆ ಬದನೆ ಆಗುವುದಿಲ್ಲ, ಕೆಲವರಿಗೆ ಸಿಗಡಿ ಆಗುವುದಿಲ್ಲ. ಜಯಪಾಲಣ್ಣನಿಗೆ ತಗಡು ಆಗುತ್ತಿರಲಿಲ್ಲ.

ಅವರ ಕೆಲಸದ ಹೆಸರು ಮರ್ಚಂಡೈಸರ್. ತಮ್ಮೂರು ಕಾಪುವಿನ ನೆಂಟರಿಗೆ ಅದನ್ನು ವಿವರಿಸುವಷ್ಟರಲ್ಲಿ ಪ್ರತಿ ಸಲ ರಜೆಯೇ ಮುಗಿಯುತ್ತಿತ್ತು. ಮಾರುವವನಲ್ಲ, ಕೊಳ್ಳುವವನೂ ಅಲ್ಲ. ಮಾರುವವನ ಅಂಗಡಿಗೆ ಹೋಗಿ, ಕೊಳ್ಳುವವನ ಕಣ್ಣಿಗೆ ಬೀಳುವ ಹಾಗೆ ಡಬ್ಬ ನಿಲ್ಲಿಸಿ ಬರುವವ. ಆಹಾರ ಪದಾರ್ಥಗಳ ಒಂದು ಕಂಪೆನಿ ಅವರಿಗೆ ವೀಸಾ ಕೊಟ್ಟಿತ್ತು. ಬೆಳಿಗ್ಗೆ ಫಿಡೆಲಿಸ್ ಓಡಿಸುವ ವ್ಯಾನಿನಲ್ಲಿ ಹತ್ತಿದರೆ ಒಂದು ಸೂಪರ್‌ಮಾರ್ಕೆಟಿನಿಂದ ಇನ್ನೊಂದಕ್ಕೆ ಹೋಗಿ, ನೆಲಕ್ಕೆ ಮಂಡಿಯೂರಿ, ಬಾಗಿಲ ಎದುರು ಡಬ್ಬಗಳ ಗೋಪುರ ಕಟ್ಟುವುದು. ಸಂಜೆಗೆ ಜನ ಕಿತ್ತುಕೊಂಡು ಹೋಗಿರುತ್ತಾರೆ. ಮರುದಿನ ಮತ್ತೆ ಕಟ್ಟುವುದು. ದೇವರು ಕೂಡ ಲೋಕವನ್ನು ಇಷ್ಟು ಸಲ ಕಟ್ಟಿರಲಿಕ್ಕಿಲ್ಲ.

ಕಂಪೆನಿಯ ಮುಖ್ಯ ಸರಕು ಮಾವಿನ ತಿರುಳು, ಅಂದರೆ ಮ್ಯಾಂಗೋ ಪಲ್ಪ್. ಹಳದಿ ಡಬ್ಬ, ಅದರ ಮೇಲೊಂದು ಮಾವಿನ ಹಣ್ಣಿನ ಚಿತ್ರ. ಹಣ್ಣಿಗೆ ಕಣ್ಣುಂಟು, ಹುಬ್ಬುಂಟು, ಸಾಲು ಹಲ್ಲು ಕಾಣುವ ನಗುವುಂಟು. ಹಣ್ಣಿಗೆ ಹಲ್ಲು ಯಾಕೆ, ಅದು ಯಾರನ್ನು ತಿನ್ನಲಿಕ್ಕುಂಟು ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಯಪಾಲಣ್ಣ ಕೇಳಿದ್ದರು. ಮ್ಯಾನೇಜರು "ಯಲ್ಲಾ, ಕೆಲಸ ನೋಡು" ಎಂದಿದ್ದ. ಕೆಲಸವೆಂದರೆ ಆ ಮುಖಗಳನ್ನೆಲ್ಲ ಎದುರಿಗೆ ತಿರುಗಿಸುವುದು. ನೂರಾರು ಹಣ್ಣುಗಳು ಒಟ್ಟಿಗೆ ಹಲ್ಲು ಕಿರಿದು ತನ್ನನ್ನೇ ನೋಡುವಂತೆ ಮಾಡಿಕೊಳ್ಳುವುದಕ್ಕೆ ಸಂಬಳ ಪಡೆಯುವ ಮನುಷ್ಯ ಲೋಕದಲ್ಲಿ ತಾನೊಬ್ಬನೇ ಎಂದು ಅವರಿಗೆ ಕೆಲವೊಮ್ಮೆ ಅನ್ನಿಸುತ್ತಿತ್ತು.

ಇದರ ಮೇಲೆ ಒಂದು ಆಗಸ್ಟಿನಲ್ಲಿ ಗೋದಾಮಿನ ಎ.ಸಿ. ಕೆಟ್ಟು, ಹೊಟ್ಟೆಯುಬ್ಬರಿಸಿಕೊಂಡ ಡಬ್ಬಗಳ ಸಾಲೊಂದು ಅವರ ಮೈಮೇಲೆಯೇ ಒಡೆಯಿತು. ಆ ಹುಳಿತ ಸಿಹಿ ವಾಸನೆ ತಲೆಗೂದಲಿನಿಂದ ಹೋಗಲು ವಾರ ಹಿಡಿಯಿತು. ಮೂಗಿನಿಂದ ಹೋಗಲೇ ಇಲ್ಲ. ಆಮೇಲೆ ಊರಿಗೆ ಹೋದಾಗ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಕಾಡಿನ ಕಾಟುಮಾವಿನ ಸಾರನ್ನು ಮೊಣಕೈವರೆಗೆ ಸುರಿಸಿಕೊಂಡು ಉಣ್ಣುತ್ತಿದ್ದರೆ, ಇವರು ಮಜ್ಜಿಗೆಯಲ್ಲಿ ಅನ್ನ ಕಲಸಿ ಎದ್ದುಬಿಡುತ್ತಿದ್ದರು. ನೆಂಟರು ಇದನ್ನು ದುಬೈಯ ಗತ್ತು ಎಂದು ತಿಳಿದರು.

ಇವರ ಒಬ್ಬಳೇ ಮಗಳು ಯಶ್ಮಿತಾ. ಕಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಊದ್ ಮೇಥಾದ ಕ್ಲಬ್ಬಿನಲ್ಲಿ ಊರವರು ಸೇರಿದಾಗ ಜಯಪಾಲಣ್ಣ "ಮಗಳು ಇಂಟೀರಿಯರ್ ಮಾಡ್ತಾಳೆ" ಎಂದು ಹೇಳಿಕೊಂಡಿದ್ದರು. ಕಲೆ ಎಂದರೆ "ಅದರಿಂದ ಎಂತ ಸಿಗ್ತದೆ" ಎಂಬ ಪ್ರಶ್ನೆ ಬರುತ್ತದೆ. ಇಂಟೀರಿಯರ್ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಅದೇನೆಂದು ನಮ್ಮವರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ತೋರಿಸಿಕೊಳ್ಳುವ ಅಭ್ಯಾಸವೂ ಇಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಯಶ್ಮಿತಾ, "ಪಪ್ಪಾ, ಐ ನೀಡ್ ಟಿನ್ಸ್" ಎಂದಳು.

"ಯಾವ ಟಿನ್?"

"ನಿಮ್ದು. ಮ್ಯಾಂಗೋ. ಲಾಟ್ಸ್."

ಜಯಪಾಲಣ್ಣ ಬಂಗುಡೆಯ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟರು. "ಊಟದ ಹೊತ್ತಿಗೆ ಅದರ ಹೆಸರು ಹೇಳ್ಬೇಡ ಮಗಾ."

ಅವಳು ಹೇಳಿದಳು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ. ಪಾಪ್ ಆರ್ಟ್ ಎಂದು ಒಂದು ಉಂಟಂತೆ. ಅಮೆರಿಕದಲ್ಲಿ ಅರವತ್ತರ ದಶಕ. ಅಂಗಡಿ ತುಂಬ ಸಾಮಾನು, ಸಾಮಾನಿನ ಮೇಲೆ ಚಿತ್ರ, ಆ ಚಿತ್ರದ ಜಾಹೀರಾತು ಟೀವಿ ತುಂಬ. ಹಿಂದಿನ ಚಿತ್ರಕಾರರು ಬುಟ್ಟಿಯಲ್ಲಿಟ್ಟ ಹಣ್ಣು ಬರೆಯುತ್ತಿದ್ದರು. ಈಗ ಹಣ್ಣು ಯಾರು ನೋಡುತ್ತಾರೆ, ಎಲ್ಲರೂ ನೋಡುವುದು ಡಬ್ಬವನ್ನೇ ತಾನೇ, ಹಾಗಾದರೆ ಡಬ್ಬವನ್ನೇ ಬರೆಯೋಣ ಎಂದು ಕೆಲವರು ಹೊರಟರಂತೆ. ಒಬ್ಬ ಸೂಪಿನ ಡಬ್ಬಗಳನ್ನು ಸಾಲಾಗಿ ಬರೆದ. ಇನ್ನೊಬ್ಬ ಬಿಯರ್ ಡಬ್ಬವನ್ನು ಕಂಚಿನಲ್ಲಿ ಎರಕ ಹೊಯ್ದ. ಪಾತ್ರೆ ತಿಕ್ಕುವ ಸಾಬೂನಿನ ಪೆಟ್ಟಿಗೆಗಳನ್ನು ಥೇಟ್ ಗೋದಾಮಿನಲ್ಲಿದ್ದ ಹಾಗೆ ಪೇರಿಸಿಟ್ಟು ಜನರನ್ನು ಕರೆದದ್ದೂ ಉಂಟಂತೆ.

"ಪೇರಿಸಿ ಇಟ್ಟದ್ದು? ಅಷ್ಟೇ?" ಎಂದರು ಜಯಪಾಲಣ್ಣ.

"ಅಷ್ಟೇ."

"ನಾನೂ ಪೇರಿಸಿ ಇಡುವುದು. ನನ್ನನ್ನು ಯಾರೂ ಕರೀಲಿಲ್ಲ."

"ಅದೇ ಪಪ್ಪಾ ಪಾಯಿಂಟ್. ಅಂಗಡಿಯಲ್ಲಿ ಯಾರೂ ಡಬ್ಬ ನೋಡುವುದಿಲ್ಲ, ತಗೊಳ್ತಾರೆ. ಗ್ಯಾಲರಿಯಲ್ಲಿ ತಗೊಳ್ಳಲಿಕ್ಕೆ ಬಿಡುವುದಿಲ್ಲ. ಸೋ, ದೇ ಲುಕ್."

"ಹಾಗಾದ್ರೆ ನಮ್ಮ ಮನೆಯೇ ಗ್ಯಾಲರಿ," ಎಂದರು ಸ್ವರ್ಣಲತಾ ಸಾರು ಬಡಿಸುತ್ತ. "ಎಂತ ತಗೊಳ್ಳಲಿಕ್ಕೆ ಹೋದರೂ ಇವರು ಬಿಡುವುದಿಲ್ಲ."

ವಿಷಯ ತಮಾಷೆಯದಾಗಿರಲಿಲ್ಲ. ಕಾಲೇಜಿನವರ ಪ್ರದರ್ಶನದಲ್ಲಿ ಯಶ್ಮಿತಾ ಇಡುವ ಕೃತಿಗೇ ಆ ವರ್ಷದ ಅಂಕಗಳಲ್ಲಿ ದೊಡ್ಡ ಪಾಲು. ಲಂಡನ್ನಿನಿಂದ ಪರೀಕ್ಷಕಿ ಬರುತ್ತಾರೆ. ಅವರಿಗೆ ಹಿಡಿಸದಿದ್ದರೆ ಇನ್ನೊಂದು ವರ್ಷ ಕೂರಬೇಕು. ಇವಳ ಕೃತಿ ಮಾವಿನ ಡಬ್ಬಗಳ ಗೋಪುರ, ಹೆಸರು 'ನನ್ನ ಅಪ್ಪ'. ಕಾಲೇಜಿನಲ್ಲಿ ತಾನೇ ಕಟ್ಟಿ ನೋಡಿದ್ದಳು; ಪ್ರತಿ ಸಲವೂ ಸೊಂಟದ ಎತ್ತರಕ್ಕೆ ಬಂದು ಕುಸಿದಿತ್ತು.

"ನಿಮ್ಮ ಕೈಯೇ ಬೇಕು ಪಪ್ಪಾ."

"ಆ ಹಲ್ಲು ಕಿರಿಯುವ ಹಣ್ಣಿಗೆ ನನ್ನ ಹೆಸರು ಇಡ್ತೀಯಾ? ಊರವರ ಎದುರು?"

"ಪ್ಲೀಸ್" ಎಂದಳು ಮಗಳು. ಜಯಪಾಲಣ್ಣ ಕೈ ತೊಳೆಯಲು ಎದ್ದರು. ಅವರ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದು ಅರ್ಥ.

ಮ್ಯಾನೇಜರು ಡಬ್ಬ ಕೊಡಲು ಖುಷಿಯಿಂದ ಒಪ್ಪಿದ. ಬಿಟ್ಟಿ ಜಾಹೀರಾತು ಯಾರಿಗೆ ಬೇಡ. ಪ್ರದರ್ಶನದ ದಿನ ಬೆಳಿಗ್ಗೆ ಫಿಡೆಲಿಸ್ ವ್ಯಾನು ತಂದು ಅಲ್ ಕೂಜಿನ ಒಂದು ಗಲ್ಲಿಯಲ್ಲಿ ನಿಲ್ಲಿಸಿದಾಗ ಜಯಪಾಲಣ್ಣನಿಗೆ ಮೊದಲ ವಾಕರಿಕೆ ಬಂತು. ಗ್ಯಾಲರಿ ಎಂದರೆ ಅದೂ ಗೋದಾಮೇ. ಅದೇ ತಗಡಿನ ಮಾಡು, ಅದೇ ಶಟರು. ಅವರ ಕಂಪೆನಿಯ ಗೋದಾಮು ಅಲ್ಲಿಂದ ಎರಡು ಬೀದಿ ಆಚೆ. ವ್ಯತ್ಯಾಸವೆಂದರೆ ಇದರ ಒಳಗೋಡೆಗೆ ಬಿಳಿ ಬಣ್ಣ ಬಳಿದಿದ್ದರು ಮತ್ತು ಎ.ಸಿ. ಸರಿ ಇತ್ತು.

"ದಾನೆ ಜಯಪಾಲಣ್ಣ, ಎಂತ ಇದು, ಗೋದಾಮಿನಿಂದ ಗೋದಾಮಿಗಾ?" ಎಂದರು ಫಿಡೆಲಿಸ್.

"ಸುಮ್ಮನೆ ಇಳಿಸಿ ಪೊರ್ಬುಗಳೇ," ಎಂದರು ಜಯಪಾಲಣ್ಣ. ಊರ ಕಡೆಯ ಕ್ರಿಸ್ತುವರನ್ನು ತುಳುವಿನಲ್ಲಿ ಕರೆಯುವುದೇ ಹಾಗೆ.

ಒಳಗೆ ಉಳಿದ ಮಕ್ಕಳು ತಮ್ಮ ತಮ್ಮ ಕಲೆ ಜೋಡಿಸುತ್ತಿದ್ದರು. ಒಬ್ಬಳು ಖಾಲಿ ಶಾಂಪೂ ಪೊಟ್ಟಣಗಳನ್ನು ಹೊಲಿದು ಮದುಮಗಳ ಉಡುಪು ಮಾಡಿದ್ದಳು; ಹತ್ತಿರ ಹೋದರೆ ಬಚ್ಚಲಿನ ವಾಸನೆ. ಇನ್ನೊಬ್ಬ, ತಿಂದು ಬಿಟ್ಟ ಕೋಳಿ ಎಲುಬುಗಳಿಗೆ ಚಿನ್ನದ ಬಣ್ಣ ಬಳಿದು ಅವು ಬಂದ ರಟ್ಟಿನ ಡಬ್ಬಿಯಲ್ಲೇ ವಾಪಸು ಇಟ್ಟಿದ್ದ. ಚೆನ್ನಾಗಿ ಚೀಪಿರಲೂ ಇಲ್ಲ. ಬಳಸಿ ಬಿಸಾಡಿದ ಟೀ ಚೀಲಗಳದ್ದು ಒಂದು ಗೋಡೆ. ಜಯಪಾಲಣ್ಣ ಕರವಸ್ತ್ರ ಮೂಗಿಗೆ ಹಿಡಿದು ತಮ್ಮ ಮೂಲೆಗೆ ನಡೆದರು. ಇಡೀ ದುಬೈ ತಿಂದು ಕುಡಿದು ಬಿಸಾಡಿದ್ದನ್ನು ಯಾರೋ ಹೆಕ್ಕಿ ತಂದು ದೀಪ ಹಾಕಿದ್ದಾರೆ ಎಂದೇ ಅವರಿಗೆ ಕಂಡಿತು. ಕೆಲಸದ ಮೊದಲು ಕಸವನ್ನು ಹೊರಗೆ ಹಾಕಬೇಕು ಎಂದು ಕಲಿತವರು ಅವರು.

ಆದರೆ ಡಬ್ಬ ಕೈಗೆ ಬಂದದ್ದೇ ಕೈ ತನ್ನ ಪಾಡಿಗೆ ಹೊರಟಿತು. ಕೆಳಗೆ ರಟ್ಟು, ಅದರ ಮೇಲೆ ಒಂದು ಸಾಲು, ಮತ್ತೆ ರಟ್ಟು, ಪ್ರತಿ ಸಾಲಿಗೂ ಸ್ವಲ್ಪ ಒಳಕ್ಕೆ ಸರಿಯುವುದು. ಪ್ರತಿ ಹಲ್ಲು ಎದುರಿಗೆ. ಯಶ್ಮಿತಾ ನೆಲದಲ್ಲಿ ಕುಳಿತು ಡಬ್ಬ ಎತ್ತಿಕೊಡುತ್ತಿದ್ದಳು. ಚಿಕ್ಕವಳಿರುವಾಗ ಅಪ್ಪನ ಕೆಲಸ ನೋಡಬೇಕೆಂದು ಹಟ ಮಾಡಿದ್ದಳಂತೆ. ಆಗ ಅವರು ಕರೆದುಕೊಂಡು ಹೋಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಪುರ ಅವರ ತಲೆಗಿಂತ ಎತ್ತರ ನಿಂತಿತು. ಅವಳು ಹಿಂದೆ ಸರಿದು ನೋಡಿ, ಪರೀಕ್ಷಕಿಯನ್ನು ಎದುರುಗೊಳ್ಳುವ ತಯಾರಿಗೆ ಓಡಿದಳು.

ಆಮೇಲೆ ಜಯಪಾಲಣ್ಣ ಒಂದು ಕೆಲಸ ಮಾಡಿದರು. ಮೇಲಿನ ಸಾಲಿನ ಮುಂದಿನ ಮೂಲೆಯಿಂದ ಒಂದು ಡಬ್ಬ ತೆಗೆದು ಪೆಟ್ಟಿಗೆಗೆ ಹಾಕಿದರು. ಯೋಚಿಸಿ ಮಾಡಿದ್ದಲ್ಲ. ಅವರ ಕಸುಬಿನವರೆಲ್ಲ ಹಾಗೇ ಮಾಡುವುದು. ತುಂಬಿದ ಗೋಪುರಕ್ಕೆ ಗಿರಾಕಿ ಕೈ ಹಾಕುವುದಿಲ್ಲ. ಬಿದ್ದರೆ ಎಂಬ ಹೆದರಿಕೆ, ಕೆಡಿಸಿದವನು ನಾನಾದರೆ ಎಂಬ ನಾಚಿಕೆ. ಒಂದು ಡಬ್ಬ ಇಲ್ಲದಿದ್ದರೆ, ಯಾರೋ ಆಗಲೇ ತೆಗೆದಿದ್ದಾರೆ, ನಾನೂ ತೆಗೆಯಬಹುದು ಎಂದು ಧೈರ್ಯ ಬರುತ್ತದೆ. ದೋಸೆ ಎರೆದವರು ಕಾವಲಿಯಡಿಯ ಬೆಂಕಿ ಆರಿಸುವಷ್ಟು ಸಹಜವಾಗಿ ಅವರು ಆ ಒಂದು ಡಬ್ಬ ತೆಗೆದರು, ಕೈ ಒರೆಸಿಕೊಂಡರು, ಮನೆಗೆ ಹೋಗಿ ಸ್ನಾನ ಮಾಡಿ ಇಸ್ತ್ರಿಯ ಅಂಗಿ ಹಾಕಿಕೊಂಡರು.

ಸಂಜೆ ಬಂದಾಗ ಗ್ಯಾಲರಿಯ ಅರ್ಧ ಊದ್ ಮೇಥಾವೇ ಆಗಿತ್ತು. ಮಗಳ ಕಾರ್ಯಕ್ರಮ ಎಂದು ಸ್ವರ್ಣಲತಾ ಗುರುತಿದ್ದವರಿಗೆಲ್ಲ ಹೇಳಿಬಿಟ್ಟಿದ್ದರು. ಹೆಂಗಸರು ರೇಷ್ಮೆಯಲ್ಲಿ, ಗಂಡಸರು ಸೆಂಟಿನಲ್ಲಿ. ಶಾಂಪೂ, ಎಲುಬು, ಅತ್ತರು ಎಲ್ಲ ಕಲಸಿ ಹೊಡೆದ ವಾಸನೆಗೆ ಜಯಪಾಲಣ್ಣ ಮತ್ತೆ ಕರವಸ್ತ್ರ ಹೊರತೆಗೆದರು. ಫಿಡೆಲಿಸ್ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಮೂಲೆಯ ಕೆಫೆಟೇರಿಯಾದಲ್ಲಿ ಕಡಕ್ ಚಾ ಕುಡಿಸಿದರು. ಒಂದು ಚಾ ಎರಡಾಯಿತು.

ತಿರುಗಿ ಒಳಗೆ ಕಾಲಿಟ್ಟಾಗ ಗೋಪುರ ಅವರ ಎದೆಯ ಎತ್ತರಕ್ಕೆ ಇಳಿದಿತ್ತು.

ಪಕ್ಕದಲ್ಲಿ ಸಿದ್ದಪ್ಪನವರು ನಿಂತಿದ್ದರು. ಧಾರವಾಡದ ಕಡೆಯ ಎಂಜಿನಿಯರು, ಒಳ್ಳೆಯ ಮನುಷ್ಯ. ಅವರ ಹೆಂಡತಿ ಮಹಾದೇವಿ ಕೈಚೀಲದ ಜಿಪ್ಪು ಎಳೆಯಲು ಒದ್ದಾಡುತ್ತಿದ್ದರು. ಜಿಪ್ಪಿನ ಸಂದಿಯಿಂದ ಹಳದಿ ಹಲ್ಲು ಕಾಣುತ್ತಿತ್ತು.

"ಏನ್ರೀ ಜಯಪಾಲವ್ರ, ಭಾಳ ಛಲೋ ಮಾಡೀರಿ," ಎಂದರು ಸಿದ್ದಪ್ಪ. "ಮಗಳ ಫಂಕ್ಷನ್ನಿಗೆ ಬಂದವ್ರಿಗೆಲ್ಲಾ ಒಂದೊಂದ್ ಡಬ್ಬಿ. ನಮ್ ಕಡೆ ಬ್ಲೌಸ್ ಪೀಸ್ ಕೊಟ್ಟು ಕಳಸ್ತಾರ."

"ಮುಂದಿನ ವಾರ ಹೋಳಿಗಿ ಮಾಡೋದೈತ್ರಿ," ಎಂದರು ಮಹಾದೇವಿ. "ಇದ್ರದ್ದು ಸೀಕರಣಿ ಏನ್ ಮಸ್ತ್ ಆಗ್ತೈತಿ ಅಂತೀರಿ."

"ಅದು ಕೊಡ್ಲಿಕ್ಕೆ ಇಟ್ಟದ್ದಲ್ಲ ಮಾರಾಯ್ರೆ," ಎಂದರು ಜಯಪಾಲಣ್ಣ. ಧ್ವನಿ ಅವರದ್ದೇ ಎಂದು ಅವರಿಗೇ ಗುರುತು ಸಿಗಲಿಲ್ಲ. "ಅದು ಕಲೆ."

"ಹೌದೇನ್ರೀ? ಮತ್ತ ಮ್ಯಾಲಿಂದು ಒಂದ್ ಡಬ್ಬಿ ಯಾರೋ ಮೊದ್ಲೇ ತಗೊಂಡಿದ್ರಲ್ಲ. ಅದನ್ನ ನೋಡೇ ನಾವೂ ತಗೊಂಡ್ವಿ. ಗೋಡಿ ಮ್ಯಾಲಿನ ಚೀಟಿ ಸುದ್ದಾ ಓದಿದೆ ನಾ. ರೇಟ್ ಬರದಿಲ್ಲ. ರೇಟ್ ಇಲ್ಲಾ ಅಂದ್ರ ಫ್ರೀ."

ಜಯಪಾಲಣ್ಣ ತಮ್ಮ ಬಲಗೈಯನ್ನು ನೋಡಿಕೊಂಡರು. ಅರವತ್ತು ವರ್ಷಗಳಿಂದ ಯಾರು ಯಾರೋ ಕಷ್ಟಪಟ್ಟು ಅಂಗಡಿಯ ಸಾಮಾನನ್ನು ಕಲೆ ಮಾಡಿದ್ದರು. ಆ ಕೈ ಒಂದು ಡಬ್ಬ ತೆಗೆದು ಕಲೆಯನ್ನು ಮತ್ತೆ ಸಾಮಾನು ಮಾಡಿತ್ತು. ಸುತ್ತ ನೋಡಿದರೆ ಗುರುತಿನ ಪ್ರತಿ ಚೀಲವೂ ಉಬ್ಬಿತ್ತು. ಮಗುವಿನ ತಳ್ಳುಗಾಡಿಯಲ್ಲಿ ಮಗುವಿನ ಕಾಲಡಿ ನಾಲ್ಕು ಡಬ್ಬ. ಬಂದವರ ಮೇಲೆ ಜಯಪಾಲಣ್ಣನಿಗೆ ಹುಟ್ಟಿದ ಹೇಸಿಗೆ ಅರ್ಧ ದಾರಿ ಹೋಗಿ ತಮ್ಮ ಮೇಲೆಯೇ ತಿರುಗಿ ಬಂತು. ಇವರನ್ನೆಲ್ಲ ಹೀಗೆ ಕೈ ಚಾಚಲು ಕಲಿಸಿದವನು ತಾನೇ. ಅದಕ್ಕೆ ಸಂಬಳವನ್ನೂ ತಿಂದಿದ್ದರು.

ಅಷ್ಟರಲ್ಲಿ ಯಶ್ಮಿತಾ ಬಂದಳು. ಗೋಪುರ ನೋಡಿದಳು, ಅಪ್ಪನನ್ನು ನೋಡಿದಳು. ಬಾಗಿಲ ಬಳಿ ಬೆಳ್ಳಿಕೂದಲಿನ ಪರೀಕ್ಷಕಿ ಶಾಂಪೂ ಮದುಮಗಳ ಮುಂದೆ ನಿಂತು ಬರೆದುಕೊಳ್ಳುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬರಲು ನಡುವೆ ಎಲುಬು, ಟೀ ಚೀಲ, ಇನ್ನು ಕೆಲವು ಇದ್ದವು, ಅಷ್ಟೇ.

"ಜನ ತಗೊಂಡು ಹೋಗುವುದೇ ಈ ಕಲೆ ಅಂತ ಹೇಳಿಬಿಡು ಮಗಾ," ಎಂದರು ಫಿಡೆಲಿಸ್. "ಅವರಿಗೆ ಎಂತ ಗೊತ್ತಾಗ್ತದೆ."

"ನೋ ಅಂಕಲ್. ದೆನ್ ಇಟ್ಸ್ ಜಸ್ಟ್ ಎ ಶಾಪ್." ಅಪ್ಪನಿಗೆ ನಾಲ್ಕು ಮಾತು ಅಂದಿದ್ದರೆ ಜಯಪಾಲಣ್ಣನಿಗೆ ಹಗುರಾಗುತ್ತಿತ್ತು.

ಜಯಪಾಲಣ್ಣ ಅಂಗಿಯ ತೋಳು ಮಡಚಿದರು. ಬಾಳಿನಲ್ಲಿ ಮೊದಲ ಬಾರಿಗೆ, ಕೊಟ್ಟ ಸಾಮಾನನ್ನು ಗಿರಾಕಿಯಿಂದ ವಾಪಸು ಕೇಳುತ್ತ ಹೊರಟರು. "ಅಕ್ಕ, ಅದೊಂದು ಕೊಡಿ, ನಾಳೆ ಮನೆಗೆ ತಂದುಕೊಡ್ತೇನೆ." "ಎಂತ ಜಯಪಾಲಣ್ಣ, ಕೊಟ್ಟು ಕಿತ್ತುಕೊಳ್ತೀರಾ?" "ಮಗುವಿನ ಕಾಲು ಸ್ವಲ್ಪ ಎತ್ತಿ." ಚೀಲಗಳೊಳಗೆ ಕೈ ಹಾಕಿದರೆ ಕರ್ಚೀಫು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ಯಾವುದೋ ಮಗುವಿನ ಒದ್ದೆ ಚಡ್ಡಿ, ಅದರಡಿಯಲ್ಲಿ ಡಬ್ಬ. ಫಿಡೆಲಿಸರ ಹೆಂಡತಿ ಫೆಲ್ಸಿಬಾಯಿಯ ಬಳಿ ಎರಡಿದ್ದವು. ಫಿಡೆಲಿಸ್ ಛಾವಣಿ ನೋಡಿದರು. ಕಾರಿಗೆ ಸಾಗಿಸಿದವರ ಹಿಂದೆ ಸ್ವರ್ಣಲತಾ ಸೀರೆ ಎತ್ತಿಕಟ್ಟಿ ಓಡಿದರು.

ಡಬ್ಬ ಬಂದ ಹಾಗೆ ಜಯಪಾಲಣ್ಣ ಏರಿಸಿದರು. ಪರೀಕ್ಷಕಿ ಎಲುಬಿನ ಬಳಿ ಬಂದರು. ಗೋಪುರ ಹೆಗಲಿಗೆ ಬಂತು. ಪರೀಕ್ಷಕಿ ಟೀ ಚೀಲಗಳನ್ನು ಮೂಸಿದರು. ಗೋಪುರ ತಲೆ ದಾಟಿತು. ಪೆಟ್ಟಿಗೆಗೆ ಹಾಕಿದ್ದ ಆ ಡಬ್ಬವನ್ನೂ ಇಟ್ಟರು. ಆದರೂ ಮೇಲಿನ ಸಾಲಿನಲ್ಲಿ, ಕಣ್ಣಿಗೆ ಹೊಡೆಯುವ ಹಾಗೆ, ಒಂದು ಖಾಲಿ ಜಾಗ.

"ಇನ್ನೊಂದು ಯಾರಲ್ಲಿ?"

ಸಿದ್ದಪ್ಪ ಬೆನ್ನ ಹಿಂದಿನ ಕೈಯನ್ನು ಮೆಲ್ಲನೆ ಮುಂದೆ ತಂದರು. ಮುಚ್ಚಳದ ಉಂಗುರ ಎಳೆದು ಬಿಚ್ಚಿದ ಡಬ್ಬ. ತೋರುಬೆರಳು ಗೆಣ್ಣಿನವರೆಗೆ ಹಳದಿ. "ಹುಳಿ ಐತೋ ಸಿಹಿ ಐತೋ ನೋಡಬೇಕಲ್ರೀ," ಎಂದರು. "ಅರ್ಧಕ್ಕಿಂತ ಹೆಚ್ಚ ಐತಿ ಇನ್ನೂ."

ಹಾಗೇ ಇಟ್ಟರೆ ಸುರುಟಿದ ಮುಚ್ಚಳ ಮೇಲೆ ಎದ್ದು ಕಾಣುತ್ತದೆ. ಕವುಚಿ ಇಟ್ಟರೆ ಎಲ್ಲ ಸುರಿದು ಕೆಳಗಿನ ನಗುಗಳ ಮೇಲೆ ಇಳಿಯುತ್ತದೆ. ಎಲ್ಲಾದರೂ ಚೆಲ್ಲೋಣವೆಂದರೆ ಸುತ್ತ ಬಿಳಿ ನೆಲ, ಬಿಳಿ ಗೋಡೆ. ಕಸದ ಬುಟ್ಟಿಯಂತೆ ಕಂಡದ್ದಕ್ಕೂ ಪಕ್ಕದಲ್ಲಿ ಹೆಸರಿನ ಚೀಟಿ ಇತ್ತು. ಪರೀಕ್ಷಕಿಯ ಚಪ್ಪಲಿಯ ಸದ್ದು ಇತ್ತ ತಿರುಗಿತು.

ಜಯಪಾಲಣ್ಣ ಕಣ್ಣು ಮುಚ್ಚಿ ಡಬ್ಬವನ್ನು ಬಾಯಿಗೆ ಎತ್ತಿದರು.

ಇಷ್ಟು ವರ್ಷ ಊಹಿಸಿಕೊಂಡದ್ದಕ್ಕಿಂತ ಕೆಟ್ಟದಾಗೇನೂ ಇರಲಿಲ್ಲ. ಊಹಿಸಿದಷ್ಟೇ ಕೆಟ್ಟದಾಗಿತ್ತು. ಮೊದಲು ಸಕ್ಕರೆ, ಆಮೇಲೆ ತಗಡು, ಅದರಡಿಯಲ್ಲಿ ಎಲ್ಲೋ ಸಿದ್ದಪ್ಪನವರ ಬೆರಳು. ತಣ್ಣಗಿನ ಲೋಳೆ ಗಂಟಲಲ್ಲಿ ನಿಂತು ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಯೋಚಿಸಿತು. ಅವರು ನುಂಗಿದರು. ಮತ್ತೆ ಎತ್ತಿದರು. ಮಹಾದೇವಿ "ಅಯ್ಯ ಶಿವನ" ಎಂದು ಸೆರಗು ಬಾಯಿಗೆ ಹಿಡಿದರು. ಕೊನೆಯ ದೊಡ್ಡ ಗುಟುಕು ಬಾಯಲ್ಲಿರುವಾಗಲೇ ಡಬ್ಬವನ್ನು ಇಸ್ತ್ರಿಯ ಅಂಗಿಯ ತುದಿಯಿಂದ ಒರೆಸಿ, ಚಿತ್ರ ಎದುರಿಗೆ ಬರುವಂತೆ ಕವುಚಿ, ಖಾಲಿ ಜಾಗಕ್ಕೆ ಕೂರಿಸಿದರು. ಅದೊಂದು ಹಣ್ಣು ಮಾತ್ರ ತಲೆಕೆಳಗಾಗಿ ನಕ್ಕಿತು.

ಪರೀಕ್ಷಕಿ ಬಂದು ನಿಂತರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೆಳಗಿನಿಂದ ಮೇಲಕ್ಕೆ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದರು. ತನ್ನ ಕೆಲಸವನ್ನು ಒಬ್ಬರು ಇಷ್ಟು ಹೊತ್ತು ನಿಂತು ನೋಡಿದ್ದು ಅದೇ ಮೊದಲು ಎಂಬುದು ಜಯಪಾಲಣ್ಣನಿಗೆ ಹೊಳೆದದ್ದು ಎಷ್ಟೋ ದಿನಗಳ ನಂತರ. ಆಗ ಇದ್ದ ಯೋಚನೆ, ಬಂದರೆ ಎಲ್ಲಿ ಕಕ್ಕುವುದು ಎಂಬುದೊಂದೇ.

"ಆರ್ ಯೂ ದ ಫಾದರ್?" ಎಂದು ಆಕೆ ಕೇಳಿದರು.

ಜಯಪಾಲಣ್ಣ ಬಾಯಿ ತುಂಬಿಕೊಂಡು ತಲೆಯಾಡಿಸಿದರು. ಮೀಸೆ ಹಳದಿಯಾಗಿತ್ತು.

ಆಕೆ ಯಶ್ಮಿತಾಳತ್ತ ತಿರುಗಿದರು. ಕಟ್ಟಿದವರು ನಿನ್ನ ತಂದೆ, ಡಬ್ಬ ಕಂಪೆನಿಯದು, ಚಿತ್ರ ಇನ್ಯಾರದ್ದೋ; ಇದರಲ್ಲಿ ನೀನು ಮಾಡಿದ್ದೇನು ಎಂದು ಕೇಳಿದರು. ಯಶ್ಮಿತಾ, ಇಷ್ಟು ವರ್ಷ ಅಪ್ಪ ಇದನ್ನು ಜನ ಕೆಡವಲಿ ಎಂದೇ ಕಟ್ಟಿದ್ದು, ಕೆಡವದ ಕಡೆ ಒಂದು ಸಲ ಕಟ್ಟಿ ಎಂದು ನಾನು ಕೇಳಿಕೊಂಡೆ, ಅಷ್ಟೇ ಎಂದಳು. ಪರೀಕ್ಷಕಿ ಮುಗುಳ್ನಗಲೂ ಇಲ್ಲ, ಹುಬ್ಬೇರಿಸಲೂ ಇಲ್ಲ. ಏನನ್ನೋ ಗೀಚಿಕೊಂಡು ಮುಂದಿನ ಗೋಡೆಗೆ ಹೋದರು.

ಜಯಪಾಲಣ್ಣ ಹಿಂಬಾಗಿಲಿನಿಂದ ಗಲ್ಲಿಗೆ ಹೋಗಿ ಗೋಡೆಗೆ ಕೈ ಕೊಟ್ಟು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಸಿದ್ದಪ್ಪ ನೀರಿನ ಬಾಟಲಿ ಹಿಡಿದು ದೂರದಲ್ಲಿ ನಿಂತು, "ಹುಳಿ ಇತ್ತಲ್ರೀ? ನಂಗೂ ಅನಿಸ್ತು" ಎಂದರು. ಸ್ವರ್ಣಲತಾ ಸಿದ್ದಪ್ಪನವರನ್ನು ಒಳಗೆ ಕಳಿಸಿದರು.

ಒಂದು ಗಂಟೆಯ ಮೇಲೆ ಯಶ್ಮಿತಾ ಬಂದಾಗ ಜಯಪಾಲಣ್ಣ ಮೆಟ್ಟಿಲ ಮೇಲೆ ಕುಳಿತಿದ್ದರು. ಅವಳೂ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟಳು.

"ಪಾಸ್, ಪಪ್ಪಾ. ಡಿಸ್ಟಿಂಕ್ಷನ್ ಎಲ್ಲ ಅಲ್ಲ. ಆದರೆ ಪಾಸ್."

"ಒಳ್ಳೇದಾಯ್ತು," ಎಂದರು ಜಯಪಾಲಣ್ಣ. ಮಗಳ ಕೈಯ ಭಾರ ಬೆನ್ನಿಗೆ ಹಿತವಾಗಿತ್ತು. ಹೊಟ್ಟೆ ಒಂದು ಹದಕ್ಕೆ ಬರುತ್ತಿತ್ತು. "ಹಾಗಾದರೆ ಫಿಡೆಲಿಸ್ ವ್ಯಾನು ತರಲಿ. ಈಗಲೇ ತೆಗೆದು ಪೆಟ್ಟಿಗೆಗೆ ತುಂಬಿಬಿಡುವ."

"ಇಲ್ಲ ಪಪ್ಪಾ, ಪ್ರದರ್ಶನ ಎರಡು ವಾರ ಉಂಟು. ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನಾವೂ."

ಜಯಪಾಲಣ್ಣ ಆ ತಲೆಕೆಳಗಾದ ಡಬ್ಬದ ಒಳಗೋಡೆಗೆ ಇನ್ನೂ ಅಂಟಿಕೊಂಡಿರುವ ತಿರುಳನ್ನು ನೆನೆದರು. ಎರಡು ವಾರ, ದೀಪದ ಬಿಸಿಯಲ್ಲಿ. ಅವರು ಮಗಳ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಎದ್ದು, ಮತ್ತೆ ಗೋಡೆಯ ಕಡೆಗೆ ನಡೆದರು.